ಹಾಡಿನಲ್ಲಿ ಇಂಗ್ಲಿಷ್ ಪಾಠ

(ಅಧ್ಯಾಪಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಾಡಿನ ಮೂಲಕ ಭಾಷೆ ಕಲಿಸುವುದು ಪಾಶ್ಚಾತ್ಯರ ಹೊಸ ಆವಿಷ್ಕಾರವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಹಿರಿಯರು ಶಬ್ದಸಂಪತ್ತಿಗಾಗಿ ಅಮರಕೋಶದ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ವ್ಯಾಕರಣ ಸೂತ್ರಗಳನ್ನು ಕಂದಪದ್ಯಗಳಲ್ಲೇ ಬರೆದ. ಲಯವಿರುವ ಮಾತು ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ನಮ್ಮ ಇಂಗ್ಲಿಷ್ ತರಗತಿಯಲ್ಲಿ ಹಾಡು ಸಾಮಾನ್ಯವಾಗಿ ಶಿಶುಗೀತೆಯೊಂದಿಗೇ ಮುಗಿಯುತ್ತದೆ. ಆಮೇಲೆ ಉಳಿಯುವುದು ನಿಯಮ ಮತ್ತು ಪರೀಕ್ಷೆ.

ಇದರ ಫಲವನ್ನು ನಾವೆಲ್ಲ ಕಂಡಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿದ ಜಾಣ ವಿದ್ಯಾರ್ಥಿ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಪ್ಪಿಲ್ಲದೆ ಬದಲಿಸುತ್ತಾನೆ. ಅದೇ ಹುಡುಗನನ್ನು ಸಂದರ್ಶನದಲ್ಲಿ ಊರು ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ನಾಲಿಗೆ ಹೊರಳುವುದಿಲ್ಲ. ಇದು ಬುದ್ಧಿಯ ಕೊರತೆಯಲ್ಲ. ಅವನ ಕಿವಿಗೂ ಬಾಯಿಗೂ ಅಭ್ಯಾಸ ದೊರೆತಿಲ್ಲ, ಅಷ್ಟೆ. ಆ ಮೌನದ ಬೆಲೆ ಕೆಲವೊಮ್ಮೆ ಒಂದು ಉದ್ಯೋಗ.

ಹಾಡು ಇಲ್ಲಿ ಏನು ಮಾಡಬಲ್ಲದು? ಭಾಷಾಶಿಕ್ಷಣ ತಜ್ಞ ಟಿಮ್ ಮರ್ಫಿ 1992ರಲ್ಲಿ ಇಂಗ್ಲಿಷ್ ಪಾಪ್ ಗೀತೆಗಳ ಭಾಷೆಯನ್ನು ಪರಿಶೀಲಿಸಿದರು. ಅಲ್ಲಿ ಪದಗಳು ಸರಳ, ಪುನರಾವರ್ತನೆ ಹೆಚ್ಚು, ವೇಗ ಸಾಮಾನ್ಯ ಮಾತಿನ ಸುಮಾರು ಅರ್ಧದಷ್ಟು. ಹೊಸದಾಗಿ ಕಲಿಯುವವನಿಗೆ ಬೇಕಾದದ್ದೂ ಇದೇ ಅಲ್ಲವೇ? ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೂ ಗಮನಾರ್ಹ. 60 ವಯಸ್ಕರಿಗೆ ಅಪರಿಚಿತ ಹಂಗೇರಿಯನ್ ನುಡಿಗಟ್ಟುಗಳನ್ನು 15 ನಿಮಿಷ ಕಲಿಸಲಾಯಿತು. ಒಂದು ಗುಂಪು ಅವನ್ನು ಮಾತಿನಲ್ಲಿ, ಇನ್ನೊಂದು ತಾಳಬದ್ಧ ಮಾತಿನಲ್ಲಿ, ಮೂರನೆಯದು ಹಾಡಿ ಕಲಿಯಿತು. ಆ ಭಾಷೆಯನ್ನು ಬಾಯಿಬಿಟ್ಟು ಹೇಳಬೇಕಾದ ಪರೀಕ್ಷೆಗಳಲ್ಲಿ ಹಾಡಿದವರೇ ಮುಂದಿದ್ದರು.

ಕನ್ನಡಿಗರಿಗೆ ಇನ್ನೊಂದು ಲಾಭವಿದೆ. ನಾವು ಪ್ರತಿ ಅಕ್ಷರಕ್ಕೂ ಅದರ ಪಾಲನ್ನು ಕೊಟ್ಟು ಉಚ್ಚರಿಸುತ್ತೇವೆ. ಇಂಗ್ಲಿಷ್ ಹಾಗಲ್ಲ; ಒಂದು ಅಕ್ಷರವನ್ನು ಒತ್ತಿ, ಪಕ್ಕದವನ್ನು ನುಂಗುತ್ತದೆ. ಬಿ.ಎಂ.ಶ್ರೀ. ಅವರು ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ಈ ವ್ಯತ್ಯಾಸವನ್ನು ಎದುರಿಸಿ, ಒತ್ತಿನ ಲಯಕ್ಕೆ ಪ್ರತಿಯಾಗಿ ಮಾತ್ರಾಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿದರು. ಅವರು ಅಲ್ಲಿಂದ ಇಲ್ಲಿಗೆ ತಂದರು. ನಮ್ಮ ವಿದ್ಯಾರ್ಥಿ ಇಲ್ಲಿಂದ ಅಲ್ಲಿಗೆ ಹೋಗಬೇಕು. ಹಾಡಿನಲ್ಲಿ ಒತ್ತಕ್ಷರ ಸಾಮಾನ್ಯವಾಗಿ ತಾಳದ ಪೆಟ್ಟಿನ ಮೇಲೇ ಬೀಳುವುದರಿಂದ ಕೈತಟ್ಟಿ ಹಾಡಿದರೆ ಉಚ್ಚಾರಣೆಯ ಅರ್ಧ ಪಾಠ ಮುಗಿದಂತೆ.

ಇನ್ನು ವ್ಯಾಕರಣ. ಪೀಟ್ ಸೀಗರ್ ಮತ್ತು ಲೀ ಹೇಸ್ 1949ರಲ್ಲಿ ರಚಿಸಿದ ‘ಇಫ್ ಐ ಹ್ಯಾಡ್ ಎ ಹ್ಯಾಮರ್’ ಎಂಬ ಗೀತೆಯ ಹೆಸರನ್ನೇ ನೋಡಿ. ‘ಹ್ಯಾಡ್’ ಭೂತಕಾಲದ ರೂಪ. ಆದರೆ ಅರ್ಥ ನಿನ್ನೆಯದಲ್ಲ, ಕಲ್ಪನೆಯದು. ಕೈಯಲ್ಲಿ ಸುತ್ತಿಗೆ ಇಲ್ಲ, ಇದ್ದಿದ್ದರೆ ಎಂಬ ಭಾವ. ಇದು ವಿಚಿತ್ರವೆಂದು ವಿದ್ಯಾರ್ಥಿ ಗೊಣಗಿದರೆ ಕನ್ನಡವನ್ನೇ ತೋರಿಸಿ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ಮಳೆ ನಾಳೆಯದು, ಆದರೆ ‘ಬಂದರೆ’ ಹುಟ್ಟಿದ್ದು ‘ಬಂದ’ ಎಂಬ ಭೂತಕಾಲದ ರೂಪದಿಂದ! ತಾಯ್ನುಡಿಯಲ್ಲಿ ದಿನವೂ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ಮಾಡುತ್ತಿದ್ದೇನೆಂದು ತಿಳಿದಾಗ ಅರ್ಧ ಭಯ ಹೋಗುತ್ತದೆ. ಕನ್ನಡ ಬಲ್ಲವನಿಗೆ ಇಂಗ್ಲಿಷ್ ಕಲಿಯಲು ಕನ್ನಡ ಅಡ್ಡಿಯಲ್ಲ, ಏಣಿ.

ಆದರೆ ಹಾಡನ್ನು ವ್ಯಾಕರಣ ಗ್ರಂಥವೆಂದು ನಂಬಿ ಕೆಡಬಾರದು. ರೋಲಿಂಗ್ ಸ್ಟೋನ್ಸ್ ತಂಡದ 1965ರ ಪ್ರಸಿದ್ಧ ‘ಸ್ಯಾಟಿಸ್ಫ್ಯಾಕ್ಷನ್’ ಗೀತೆಯ ಪೂರ್ಣ ಶೀರ್ಷಿಕೆಯಲ್ಲೇ ಎರಡು ನಿಷೇಧಗಳಿವೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಗುತ್ತದೆ. ಹಾಗೆಂದು ಅದು ಅಜ್ಞಾನವೂ ಅಲ್ಲ. 14ನೆಯ ಶತಮಾನದ ಚಾಸರ್ ಕವಿ ಒಂದೇ ವಾಕ್ಯದಲ್ಲಿ ಹಲವು ನಿಷೇಧಗಳನ್ನು ಪೇರಿಸಿದ್ದಾನೆ. ಎರಡು ನಿಷೇಧ ಸೇರಿದರೆ ಒಪ್ಪಿಗೆಯಾಗುತ್ತದೆಂಬ ನಿಯಮವನ್ನು ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಹೇಳಿದ. ಜನರ ಮಾತು ಅದಕ್ಕೆ ಪೂರ್ತಿ ತಲೆಬಾಗಲಿಲ್ಲ. ಹಾಡಿನಲ್ಲಿ ಒಪ್ಪುವುದು ಅರ್ಜಿಯಲ್ಲಿ ಒಪ್ಪದು ಎಂಬ ವಿವೇಕವೂ ಭಾಷಾಜ್ಞಾನವೇ.

ಕಿವಿಯೂ ಮೋಸಹೋಗುತ್ತದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಬಾಲ್ಯದಲ್ಲಿ ಸ್ಕಾಟಿಷ್ ಲಾವಣಿಯೊಂದನ್ನು ಕೇಳಿ, ಕೊಲೆಯಾದ ದೊರೆಯೊಡನೆ ‘ಲೇಡಿ ಮಾಂಡೆಗ್ರೀನ್’ ಎಂಬ ಹೆಂಗಸೂ ಸತ್ತಳೆಂದು ನಂಬಿದ್ದರು. ಅಸಲಿಗೆ ಅಲ್ಲಿದ್ದದ್ದು ಅವನನ್ನು ಹುಲ್ಲಿನ ಮೇಲೆ ಮಲಗಿಸಿದರು ಎಂಬ ಮಾತು. ಅವರು ಇದನ್ನು 1954ರಲ್ಲಿ ಬರೆದ ಮೇಲೆ ಇಂಥ ತಪ್ಪು ಕೇಳಿಕೆಗೆ ‘ಮಾಂಡೆಗ್ರೀನ್’ ಎಂಬ ಹೆಸರೇ ನಿಂತಿತು. ಇಂಗ್ಲಿಷ್ ತಾಯ್ನುಡಿಯವರ ಪಾಡೇ ಹೀಗಿರುವಾಗ ನಮ್ಮ ಮಕ್ಕಳು ತಪ್ಪು ಕೇಳಿಸಿಕೊಂಡರೆ ನಗುವುದೇಕೆ?

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಸಾಹಿತ್ಯ ನೋಡದೆ ಹಾಡನ್ನು ಎರಡು ಸಲ ಕೇಳಲಿ, ಕೇಳಿಸಿದ್ದನ್ನು ಬರೆಯಲಿ. ಬಳಿಕ ಮುದ್ರಿತ ಸಾಹಿತ್ಯದೊಡನೆ ಹೋಲಿಸಲಿ. ಐದಾರು ಹೊಸ ಪದಗಳನ್ನು ನಿಘಂಟಿನಲ್ಲಿ ಹುಡುಕಲಿ. ವ್ಯಾಕರಣದ ಒಂದೇ ಒಂದು ಅಂಶವನ್ನು ಆರಿಸಿ, ಅದೇ ಅಚ್ಚಿನಲ್ಲಿ ತಮ್ಮ ಬದುಕಿನ ನಾಲ್ಕು ವಾಕ್ಯ ರಚಿಸಲಿ. ಕೊನೆಗೆ ಎಲ್ಲರೂ ಕೂಡಿ ಹಾಡಲಿ. ಈ ಕೊನೆಯದನ್ನು ಮಾತ್ರ ಬಿಡಬೇಡಿ. ಒಬ್ಬನೇ ಎದ್ದು ನಿಂತು ಮಾತಾಡಲು ಅಂಜುವ ಹುಡುಗ ನಲವತ್ತು ಜನರ ನಡುವೆ ಧೈರ್ಯವಾಗಿ ಹಾಡುತ್ತಾನೆ. ಅಲ್ಲಿ ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ. ಒಮ್ಮೆ ಬಾಯಿ ತೆರೆದರೆ, ತಿದ್ದುವ ಕೆಲಸ ಆಮೇಲೆ ಇದ್ದೇ ಇದೆ.