ಪೈಪು ಗಟ್ಟಿ, ವಾಷರ್ ಸೂಕ್ಷ್ಮ

(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಪಿ.ವಿ.ಸಿ. ಪೈಪಿಗೆ ತುಕ್ಕು ಹಿಡಿಯೋದಿಲ್ಲ. ಯೂರಿಯಾ, ಪೊಟ್ಯಾಷ್ ಕರಗಿದ ನೀರಿಗೂ ಜಗ್ಗೋದಿಲ್ಲ. ಡ್ರಿಪ್ಪಿನ ಪಾಲಿಥೀನ್ ಪೈಪೂ ಹಾಗೇ. ಸುಣ್ಣ ಕಟ್ಟಿದಾಗ ನೀರು ಬೆರೆಸಿದ ಆಸಿಡ್ ಬಿಟ್ಟರೂ ಕೆಡೋದಿಲ್ಲ. ಆದರೆ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ಬ್ಲೀಚಿಂಗ್ ಪುಡಿ ಜೊತೆ ಸೇರಿಸಿದರಂತೂ ವಿಷಗಾಳಿ ಏಳುತ್ತದೆ.

ಮೊದಲು ಕೈಕೊಡುವುದು ಪೈಪಲ್ಲ, ವಾಷರ್. ಮಾಮೂಲಿ ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್, ಗ್ರೀಸ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ನೀರಿಗೆ ಹಾಕಿದೊಡನೆ ಹಾಲಿನಂತಾಗುವ ಕೀಟನಾಶಕದಲ್ಲೂ ಇಂಥದೇ ದ್ರಾವಕ ಇರುತ್ತದೆ. ಬೆನ್ನಿನ ಸ್ಪ್ರೇಯರ್ ಸೋರಿತೆಂದರೆ ಔಷಧಿ ಬಟ್ಟೆಗೆ ಇಳಿದು, ಚರ್ಮದ ಮೂಲಕವೇ ಮೈ ಸೇರುತ್ತದೆ. ಎರಡು ರೂಪಾಯಿ ಉಳಿಸಲು ಹೋಗಿ ಆಸ್ಪತ್ರೆ ಸೇರಬೇಕೇ?

ಆದ್ದರಿಂದ ಔಷಧಿ ಹೊಡೆದ ದಿನವೇ ಸ್ಪ್ರೇಯರನ್ನು ಚೊಕ್ಕ ನೀರಿನಲ್ಲಿ ತೊಳೆಯಿರಿ. ಆ ನೀರು ಬಾವಿ, ಕೆರೆಗೆ ಸೇರದಿರಲಿ. ಸೈಕಲ್ ಟ್ಯೂಬು ಕತ್ತರಿಸಿ ಹಾಕಬೇಡಿ. ಆ ಸ್ಪ್ರೇಯರಿಗೆ ಹೇಳಿದ ವಾಷರನ್ನೇ ಹಾಕಿ. ಡೀಸೆಲ್ ತಾಗುವ ಕಡೆಗೆ ನೈಟ್ರೈಲ್ ವಾಷರ್ ಕೇಳಿ ಪಡೆಯಿರಿ. ರಬ್ಬರ್ ರಿಂಗಿನ ಪೈಪು ಜೋಡಿಸುವಾಗ ಗ್ರೀಸ್ ಬೇಡ, ಸೋಪಿನ ನೀರು ಸಾಕು.

ನೀರು ಸೋರಿದರೆ ಕರೆಂಟು ದಂಡ, ಔಷಧಿ ಸೋರಿದರೆ ಜೀವವೇ ದಂಡ.