ಕಲೇಜಿ ತಿನ್ನಿಸಿ, ಹಸಿಯಾಗಿ ಮಾತ್ರ ಬೇಡ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ವಿದ್ಯಾರ್ಥಿನಿಯರ ಆರೋಗ್ಯ'. ಅಷ್ಟು ದೊಡ್ಡ ಹೊರೆಯನ್ನು ನಾನು ಹೊರಲಾರೆ. ನಾನು ಉರ್ದು, ಕನ್ನಡ ಕಲಿಸುವವಳು, ಡಾಕ್ಟರಲ್ಲ. ಆದ್ದರಿಂದ ನಿಮ್ಮ ಅಡಿಗೆಮನೆಗೂ ನನ್ನ ಅಡಿಗೆಮನೆಗೂ ಸೇರಿದ ಒಂದೇ ಒಂದು ಸಂಗತಿಯನ್ನು ತೆಗೆದುಕೊಂಡಿದ್ದೇನೆ. ಅದು ಕಲೇಜಿ.

ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಪಾಠ ಓದು ಎಂದರೆ ನಾಲ್ಕು ಸಾಲಿಗೆ ಏದುಸಿರು ಬಿಡುತ್ತಿದ್ದಳು. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.1 ಬಂತು. ಆ ವಯಸ್ಸಿಗೆ 12 ಇರಬೇಕು. ವಾರಕ್ಕೊಮ್ಮೆ ನಾವು ಕೊಡುವ ನೀಲಿ ಮಾತ್ರೆಯನ್ನು ಅವಳು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಾಳೆ ಎಂದು ಗೆಳತಿಯರು ಹೇಳಿದರು. ನಾನು ಮನೆಗೆ ಹೋದೆ. ಅವಳ ತಾಯಿ ಚಹಾ ಕೊಟ್ಟು ಹೇಳಿದರು: "ಮಾತ್ರೆಯಿಂದ ಅವಳಿಗೆ ಹೊಟ್ಟೆ ತೊಳಸುತ್ತೆ ಟೀಚರ್. ನಾನು ಪ್ರತಿ ಶುಕ್ರವಾರ ಕಲೇಜಿ ತರಿಸಿ ಹಸಿಯಾಗೇ ತಿನ್ನಿಸ್ತೀನಿ. ಬೇಯಿಸಿದರೆ ತಾಕತ್ತೆಲ್ಲ ಹೋಗುತ್ತೆ ಅಂತ ನಮ್ಮ ಅತ್ತೆ ಹೇಳ್ತಾರೆ." ದಾದಿ ಮಂಚದ ಮೇಲಿಂದಲೇ ತಲೆಯಾಡಿಸಿದರು. ತಮ್ಮ ಕಾಲದಲ್ಲಿ ಬಾಣಂತಿಗೆ ತಿಲ್ಲಿಯನ್ನು ಕೆಂಡಕ್ಕೆ ಒಂದಿಷ್ಟು ತೋರಿಸಿ ತಿನ್ನಿಸುತ್ತಿದ್ದರಂತೆ. ಹುಡುಗಿ ಮೂಗು ಹಿಡಿದುಕೊಂಡು, ನಿಂಬೆರಸ ಹಿಂಡಿದ ಹಸಿ ತುಂಡನ್ನು ಔಷಧಿಯಂತೆ ನುಂಗುತ್ತಿದ್ದಳು.

ಆ ದಾದಿಯ ಮಾತಿನಲ್ಲಿ ಅರ್ಧ ಪೂರ್ತಿ ಸರಿ. ಅದನ್ನು ಮೊದಲು ಹೇಳಬೇಕು. ಹಿರಿಯರ ಮಾತನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವ ಓದಿದವರ ಚಾಳಿ ನನಗೆ ಹಿಡಿಸುವುದಿಲ್ಲ. ಕಲೇಜಿಯಲ್ಲಿ ಕಬ್ಬಿಣವಿದೆ, ಬಿ12 ಇದೆ, ಫೋಲೇಟ್ ಇದೆ. ಇವು ಮೂರೂ ರಕ್ತ ಕಟ್ಟಲು ಬೇಕು. ತಿಲ್ಲಿಯಲ್ಲಂತೂ ಕಬ್ಬಿಣ ಕಲೇಜಿಗಿಂತ ಹಲವು ಪಟ್ಟು ಹೆಚ್ಚು. 1926ರಲ್ಲಿ ಅಮೆರಿಕದ ಮಿನೋ ಮತ್ತು ಮರ್ಫಿ ಎಂಬ ವೈದ್ಯರು, ಆಗ ಸಾವೇ ಗತಿಯಾಗಿದ್ದ ಒಂದು ಬಗೆಯ ರಕ್ತಹೀನತೆಯ 45 ರೋಗಿಗಳಿಗೆ ದಿನವೂ ಕಲೇಜಿ ತಿನ್ನಿಸಿ ಚೇತರಿಸಿದ್ದನ್ನು ಪ್ರಕಟಿಸಿದರು. 1934ರಲ್ಲಿ ಅವರಿಗೂ ವ್ಹಿಪಲ್ ಎಂಬ ವಿಜ್ಞಾನಿಗೂ ನೊಬೆಲ್ ಬಹುಮಾನ ಬಂತು. ಗಮನಿಸಿ, ಮಿನೋ ತೂಕ ಹೇಳಿದ್ದು ಬೇಯಿಸಿದ ಕಲೇಜಿಯದು, ದಿನಕ್ಕೆ 120ರಿಂದ 240 ಗ್ರಾಂ. ಮುಂದೆ ಕೆಲವು ಕಡೆ ಹಸಿ ಕಲೇಜಿಯ ರಸವನ್ನೂ ಕುಡಿಸಿದರು. 1948ರಲ್ಲಿ ಬಿ12 ಬೇರ್ಪಡಿಸಿ ಸೂಜಿಮದ್ದು ಬಂದ ಮೇಲೆ ಆ ಪಾಡು ಯಾರಿಗೂ ಉಳಿಯಲಿಲ್ಲ.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಗರ್ಭಿಣಿಯರು ರಕ್ತವಿಲ್ಲದೆ ಏಕೆ ಸಾಯುತ್ತಾರೆ ಎಂದು ಹುಡುಕಹೊರಟರು. ಅವರು ಕಂಡದ್ದೇನು? ಈ ಕಾಯಿಲೆ ಹೆಚ್ಚು ಇದ್ದದ್ದು ಬಡ ಮುಸ್ಲಿಮ್ ಹೆಂಗಸರಲ್ಲಿ, ಅವರ ಊಟವೇ ಎಲ್ಲಕ್ಕಿಂತ ಕಳಪೆ. ಕಲೇಜಿಯ ಸತ್ವದಿಂದಲೂ, ಅಗ್ಗದ ಈಸ್ಟ್ ಸತ್ವದಿಂದಲೂ ಅವರು ಗುಣವಾದರು. ಅದರಲ್ಲಿದ್ದ ಔಷಧವೇ ಇಂದಿನ ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಿಮ್ಮ ಮಗಳು ಉಗುಳುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ ಇರುವುದು ಅದೇ ಫೋಲಿಕ್ ಆಮ್ಲ.

ಇನ್ನು ತಪ್ಪಾದ ಅರ್ಧ. ಬೇಯಿಸಿದರೆ ತಾಕತ್ತು ಹೋಗುತ್ತದೆಯೇ? ಕಬ್ಬಿಣ ಲೋಹ, ಬೆಂಕಿಗಿಟ್ಟರೆ ಹಾರಿಹೋಗುವುದಿಲ್ಲ. ತವಾ ಕಬ್ಬಿಣದ್ದಲ್ಲವೇ? ಬಿ12 ಕೂಡ ಬಹುಪಾಲು ಉಳಿಯುತ್ತದೆ. ಫೋಲೇಟ್ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಕಲೇಜಿಯಲ್ಲಿ ಅದು ಧಾರಾಳವಾಗಿದೆ, ಸೊಪ್ಪಿನಲ್ಲೂ ಬೇಳೆಯಲ್ಲೂ ಸಿಗುತ್ತದೆ. ಹಸಿ ತಿಂದು ಗಳಿಸುವುದು ಇಷ್ಟೇ.

ಕಳೆದುಕೊಳ್ಳುವುದೇನು? ಜಪಾನಿನಲ್ಲಿ ದನದ ಹಸಿ ಕಲೇಜಿಯನ್ನು ಹೋಟೆಲುಗಳಲ್ಲಿ ಆಸೆಪಟ್ಟು ತಿನ್ನುತ್ತಿದ್ದರು. ಸ್ವಚ್ಛತೆಯಲ್ಲಿ ಆ ದೇಶವನ್ನು ಮೀರಿಸುವವರು ಕಡಿಮೆ. 2011ರಲ್ಲಿ ಹಸಿ ದನದ ಮಾಂಸ ತಿಂದು ಐವರು ಸತ್ತ ಮೇಲೆ ಸರ್ಕಾರ ಪರೀಕ್ಷೆ ಮಾಡಿಸಿತು. ಅಪಾಯಕಾರಿ ಇ-ಕೊಲೈ ರೋಗಾಣು ಕಲೇಜಿಯ ಮೇಲೆ ಮಾತ್ರವಲ್ಲ, ಒಳಗೂ ಸಿಕ್ಕಿತು. 2012ರ ಜುಲೈಯಿಂದ ಅದನ್ನು ಹಸಿಯಾಗಿ ಬಡಿಸುವುದನ್ನೇ ನಿಷೇಧಿಸಿದರು. ಒಳಗಿರುವುದನ್ನು ಎಷ್ಟು ತೊಳೆದರೆ ಹೋಗುತ್ತದೆ? ಉಪ್ಪು, ನಿಂಬೆ, ಕಾಳುಮೆಣಸು ರುಚಿಗೆ ಸರಿ, ರೋಗಾಣುವನ್ನು ಅವು ಕೊಲ್ಲುತ್ತವೆಂದು ನಂಬಿ ಕೂರಬೇಡಿ.

ನಮ್ಮ ದೀನೀ ಬಾಂಧವರ ದೇಶಗಳನ್ನೇ ನೋಡಿ. ಸುಡಾನಿನಲ್ಲಿ 'ಮರಾರ' ಎಂಬ ತಿಂಡಿಯಿದೆ. ಕುರಿ, ಆಡು, ಒಂಟೆಗಳ ಹಸಿ ಕಲೇಜಿ, ಹೊಟ್ಟೆ ಮುಂತಾದವನ್ನು ಖಾರ, ನಿಂಬೆ, ಈರುಳ್ಳಿ ಹಾಕಿ ತಿನ್ನುತ್ತಾರೆ. ಲೆಬನಾನಿನಲ್ಲೂ ಹಸಿ ಕಲೇಜಿ ತಿನ್ನುವ ರೂಢಿಯಿದೆ. ಎರಡೂ ಕಡೆ, ತಿಂದ ಸ್ವಲ್ಪ ಹೊತ್ತಿನಲ್ಲೇ ಕೆಲವರಿಗೆ ಗಂಟಲು ತುರಿಸಿ, ಕೆಮ್ಮು ಸೀನು ಬಂದು, ಗಂಟಲು ಊದಿಕೊಳ್ಳುತ್ತದೆ. ಆ ಕಾಯಿಲೆಗೆ ಲೆಬನಾನಿನಲ್ಲಿ 'ಹಲ್ಝೂನ್' ಎಂಬ ಹೆಸರೇ ಇದೆ. ಲಿಂಗ್ವಾಟುಲಾ ಎಂಬ ಪರಾವಲಂಬಿಯ ಮರಿ ಗಂಟಲಿಗೆ ಕಚ್ಚಿಕೊಳ್ಳುವುದು ಅದಕ್ಕೆ ಕಾರಣ. ಬೆಳೆದ ಲಿಂಗ್ವಾಟುಲಾ ಇರುವುದು ನಾಯಿಯ ಮೂಗಿನೊಳಗೆ. ನಾಯಿ ಸೀನಿದಾಗ ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಹುಲ್ಲು ಕುರಿಗೆ, ಕುರಿಯ ಕಲೇಜಿ ನಮಗೆ.

ಒಬ್ಬ ಹಿರಿಯರು ನನ್ನನ್ನು ಕೇಳಿದ್ದುಂಟು: "ಹಲಾಲ್ ಆದ ಮೇಲೆ ಹಸಿ ತಿಂದರೇನಮ್ಮ?" ಹರಿಯುವ ರಕ್ತ ಹರಾಮ್ ಆದರೂ ಕಲೇಜಿ ಮತ್ತು ತಿಲ್ಲಿಗೆ ಹದೀಸಿನಲ್ಲಿ ಅನುಮತಿ ಇದೆಯೆಂದು ನಾವೆಲ್ಲ ಬಲ್ಲೆವು. ಅನುಮತಿ ಇರುವುದು ತಿನ್ನಲು. ಹಸಿಯಾಗೇ ತಿನ್ನಬೇಕೆಂದು ಯಾರೂ ಹೇಳಿಲ್ಲ. ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಹೇಳುತ್ತದೆ. ಬಿಸ್ಮಿಲ್ಲಾಹ್ ಹೇಳಿ ಝಬಹ್ ಮಾಡಿದ ಕುರಿಯೂ ಮೇದದ್ದು ನಾಯಿಗಳು ಓಡಾಡಿದ ಬಯಲಿನಲ್ಲೇ.

ನಾಯಿಯ ಮಾತು ಬಂತು, ಬಕ್ರೀದಿಗೆ ಸಂಬಂಧಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕುರಿಗಳ ಕಲೇಜಿ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. ಅದು ಹೈಡಾಟಿಡ್. ನಾವು ಅದನ್ನು ಕತ್ತರಿಸಿ ಬೀದಿ ನಾಯಿಗೆ ಎಸೆಯುತ್ತೇವೆ, ಅದೂ ಒಂದು ಸವಾಬ್ ಎಂಬಂತೆ. ನಾಯಿಯ ಕರುಳಿನಲ್ಲಿ ಅದು ಹುಳುವಾಗುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮಣ್ಣಿಗೆ, ಮಣ್ಣಿನಲ್ಲಿ ಆಡುವ ಮಗುವಿನ ಕೈಗೆ, ಬಾಯಿಗೆ. ವರ್ಷಗಳು ಕಳೆದ ಮೇಲೆ ಅದೇ ಗುಳ್ಳೆ ಮಗುವಿನ ಕಲೇಜಿಯಲ್ಲಿ ಕಾಣಿಸುತ್ತದೆ. ದಯವಿಟ್ಟು ಅಂಥದ್ದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳಿ.

ಈಗ ಹುಡುಗರ ತಂದೆಯವರಿಗೆ. ಜಿಮ್ಮಿಗೆ ಹೋಗುವ ಮಕ್ಕಳು ಮೊಬೈಲಿನಲ್ಲಿ 'ಲಿವರ್ ಕಿಂಗ್' ಎಂಬ ಅಮೆರಿಕದವನನ್ನು ನೋಡಿರುತ್ತಾರೆ. ಹಸಿ ಕಲೇಜಿ ತಿಂದೇ ಈ ಮೈಕಟ್ಟು ಎಂದು ತೋರಿಸಿಕೊಂಡವನು. 2022ರ ಡಿಸೆಂಬರಿನಲ್ಲಿ, ತಾನು ಸ್ಟೀರಾಯ್ಡ್ ಬಳಸುತ್ತಿದ್ದೆನೆಂದು ಅವನೇ ಒಪ್ಪಿಕೊಂಡು ಕ್ಷಮೆ ಕೇಳಿದ. ಆ ವಿಡಿಯೋವನ್ನೂ ಮಕ್ಕಳಿಗೆ ತೋರಿಸಿ. ಸಕ್ಕರೆ ಕಾಯಿಲೆಗೆಂದು ರೋಹು, ಕಾಟ್ಲಾ ಮೀನಿನ ಪಿತ್ತಕೋಶವನ್ನು ಹಸಿಯಾಗಿ ನುಂಗುವವರೂ ಇದ್ದಾರೆ. ಅದು ನೇರವಾಗಿ ವಿಷ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ವರೆಗೆ ಹೋದವರ ವರದಿಗಳು ನಮ್ಮ ದೇಶದಲ್ಲೇ ಇವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಹಾಗಾದರೆ ಕಲೇಜಿ ಹೇಗೆ ಮಾಡಬೇಕು? ಅದನ್ನು ನಾನು ನಿಮಗೆ ಕಲಿಸಬೇಕೇ! ಒಂದೇ ಮಾತು: ಸಣ್ಣ ತುಂಡು ಮಾಡಿ, ಮುಚ್ಚಿ ಬೇಯಿಸಿ. ಮುರಿದು ನೋಡಿದರೆ ಒಳಗೆ ಕೆಂಪು ಇರಬಾರದು, ರಕ್ತದ ನೀರು ಒಸರಬಾರದು. ಈದ್‌ಗಾದಿಂದ ಬಂದವರ ಹಸಿವಿನ ಅವಸರಕ್ಕೆ ಅರೆಬೆಂದದ್ದನ್ನು ಇಳಿಸಬೇಡಿ. ಹಸಿ ಕಲೇಜಿ ಕತ್ತರಿಸಿದ ಹಲಗೆಯ ಮೇಲೆ, ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ. ವಾರಕ್ಕೊಮ್ಮೆ ತಿಂದರೆ ಸಾಕು. ಕಲೇಜಿಯಲ್ಲಿ ಎ ಜೀವಸತ್ವ ವಿಪರೀತ, ಅದು ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು. ಬ್ರಿಟನ್ನಿನ ಆರೋಗ್ಯ ಇಲಾಖೆ ಗರ್ಭಿಣಿಯರಿಗೆ ಕಲೇಜಿಯೇ ಬೇಡವೆನ್ನುತ್ತದೆ. ಸೊಸೆ ಬಸುರಿಯಾಗಿದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಯೂರಿಕ್ ಆಮ್ಲ ಹೆಚ್ಚಿ ಕೀಲುನೋವು ಇರುವ ಹಿರಿಯರೂ ದೂರವಿರುವುದು ಲೇಸು.

ಕೊನೆಗೊಂದು ಕಹಿ ಮಾತು, ತಪ್ಪು ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಆದರೆ ಬಕ್ರೀದ್ ದಿನ ಕಲೇಜಿಯ ಮೊದಲ ತಟ್ಟೆ ಯಾರ ಮುಂದೆ ಹೋಗುತ್ತದೆ? ಗಂಡಸರ ಮುಂದೆ, ಮೆಹಮಾನರ ಮುಂದೆ, ಗಂಡುಮಕ್ಕಳ ಮುಂದೆ. ಹೆಣ್ಣುಮಗಳಿಗೆ ಸಿಗುವುದು ತಳದ ಮಸಾಲೆ. ಅವಳು ತಲೆಸುತ್ತಿ ಬಿದ್ದ ಮೇಲೆ, ಔಷಧಿಯೆಂದು ಹಸಿ ತುಂಡು. ನಮ್ಮ ಮನೆಯಲ್ಲೂ ಹೀಗೇ ಇತ್ತು. ನಾನು ಹೊರಗಿನವಳಂತೆ ಮಾತನಾಡುತ್ತಿಲ್ಲ.

ಆ ಹುಡುಗಿಯ ಮನೆಯಲ್ಲಿ ದಾದಿಯನ್ನು ಒಪ್ಪಿಸಲು ಮೂರು ಸಲ ಹೋಗಬೇಕಾಯಿತು. ಈಗ ಕಲೇಜಿ ತವಾದಲ್ಲಿ ಚೆನ್ನಾಗಿ ಬೆಂದು ಮೊದಲು ಅವಳ ತಟ್ಟೆಗೆ ಬರುತ್ತದೆ. 8.1 ಕಂಡ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಖಾಲಿ ಹೊಟ್ಟೆಗೆ ಬೇಡ, ಊಟವಾದ ಮೇಲೆ ನುಂಗು ಎಂದರು, ತೊಳಸುವುದು ಕಡಿಮೆಯಾಯಿತು. ಜಂತುಹುಳುವಿನ ಮಾತ್ರೆಯೂ ಆಯಿತು. ಮೊನ್ನೆಯ ಪರೀಕ್ಷೆಯಲ್ಲಿ 10.6 ಬಂದಿದೆ. 12 ಆಗಲು ಇನ್ನೂ ಕೆಲವು ತಿಂಗಳು ಬೇಕೆಂದು ಡಾಕ್ಟರು ಹೇಳಿದ್ದಾರೆ. ಮಾತ್ರೆ ನಡೆಯುತ್ತಿದೆ.