ಕೀಲಿ ತಿರುಗಿಸುವ ಮೊದಲು

(ಮಹಿಳಾ ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಆಡಿದ ಮಾತು)



ಹಾಲಿನ ಲೆಕ್ಕ ಮುಗಿಯಿತು. ಫ್ಯಾಟಿನ ಜಗಳವೂ ಮುಗಿಯಿತು. ಈಗ ಬೇರೆ ಮಾತು. ಸ್ಕೂಟರಿನ ಮಾತು.

ನಾನು ಮೊದಲ ಸಲ ಸ್ಕೂಟರ್ ಮೇಲೆ ಡೈರಿಗೆ ಬಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. "ಈ ವಯಸ್ಸಿನಲ್ಲಿ ಇವಳಿಗೆ ಇದ್ಯಾಕೆ ಬೇಕಿತ್ತು?" ಅಂದಿರಿ. ನನಗೆ ಆಗ 41 ವರ್ಷ. ನನಗೆ ಕಲಿಸಿದ ಗುರು ನನ್ನ ಮಗಳು. ಆಲೆಮನೆ ಮುಂದಿನ ಬಯಲಿನಲ್ಲಿ ಕಲಿತೆ. ಮೊದಲ ದಿನ ಗಾಡಿ ನನ್ನನ್ನು ಹೊತ್ತುಕೊಂಡು ಹೋಗಿ ಕಬ್ಬಿನ ಸಿಪ್ಪೆ ರಾಶಿಗೆ ಹಾಕಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ನಿಮ್ಮಲ್ಲೇ ಆರು ಮಂದಿ "ನಾವೂ ಕಲೀತೀವಿ" ಅಂತ ಹೆಸರು ಕೊಟ್ಟಿದ್ದೀರಿ. ಅದಕ್ಕೇ ಈ ಮಾತು.

ಇದೇನೂ ಹೊಸದಲ್ಲ. 1991ರ ಸುಮಾರಿಗೆ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತೆ ಆಂದೋಲನ ನಡೆಯಿತು. ಷೀಲಾ ರಾಣಿ ಚುಂಕತ್ ಅಂತ ಒಬ್ಬ ಹೆಣ್ಣುಮಗಳು ಅಲ್ಲಿಯ ಜಿಲ್ಲಾಧಿಕಾರಿ. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯವರು, ಕಲ್ಲು ಒಡೆಯುವವರು, ಸಾವಿರಾರು ಮಂದಿ ಕಲಿತರು. ಅಕ್ಷರ ಕಲಿತ ಕೈಗೆ ಹ್ಯಾಂಡಲ್ ಏನು ಭಾರ?

ಆದರೆ ಓಡಿಸುವ ಮೊದಲು ಕೂರುವುದನ್ನ ಕಲೀಬೇಕು. ನಾವು ಹೆಚ್ಚು ಮಂದಿ ಗಾಡಿ ಮೇಲೆ ಹೋಗುವುದು ಹಿಂದೆ ಕೂತುಕೊಂಡೇ ಅಲ್ಲವಾ? ನನ್ನ ಚಿಕ್ಕಮ್ಮನ ವಿಷಯ ಹೇಳ್ತೀನಿ, ಕೇಳಿ.

2014ನೇ ಇಸವಿ. ಚಿಕ್ಕಮ್ಮ ಮಗನ ಬೈಕಿನಲ್ಲಿ ಮದುವೆಗೆ ಹೊರಟರು. ರೇಷ್ಮೆ ಸೀರೆ, ತಲೆ ತುಂಬ ಹೂವು. ಮಡಿಲಲ್ಲಿ ಒಂದು ಚೀಲ. ಬಿಸಿಲು ಅಂತ ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈ ಚೀಲದ ಮೇಲೆ. ಹಿಡಿದುಕೊಳ್ಳೋದಕ್ಕೆ ಮೂರನೇ ಕೈ ಎಲ್ಲಿಂದ ಬರಬೇಕು? ಮಗ ಬೈಕು ಚೆಂದ ಕಾಣಲಿ ಅಂತ ಹಿಂದಿನ ಚಕ್ರದ ಪಕ್ಕದ ಕಂಬಿ ಬಿಚ್ಚಿಸಿದ್ದ. ಅದಕ್ಕೆ ಸಾರಿ ಗಾರ್ಡ್ ಅಂತಾರೆ. ಊರು ದಾಟಿ ಅರ್ಧ ಮೈಲಿ ಹೋಗಿರಲಿಲ್ಲ. ಸೆರಗು ಚಕ್ರಕ್ಕೆ ಸಿಕ್ಕಿತು. ಚಕ್ರ ಸೆರಗನ್ನ ನುಂಗಿತು, ಚಿಕ್ಕಮ್ಮನನ್ನ ಎಳೆದು ಕೆಡವಿತು. ಮಗನಿಗೆ ಗೊತ್ತಾದದ್ದು ಆಮೇಲೆ.

ಜೀವ ಉಳಿಯಿತು. ಬಲ ಭುಜ ಮುರಿಯಿತು. ಆ ಕೈ ಇವತ್ತಿಗೂ ಭುಜಕ್ಕಿಂತ ಮೇಲೆ ಏಳಲ್ಲ. ತಲೆ ಬಾಚಿಕೊಳ್ಳೋದಕ್ಕೂ ಸೊಸೆಯನ್ನ ಕರೀಬೇಕು. "ಎಲ್ಲಾ ಸರಿ ಕಣೆ, ನನ್ನ ಜಡೆ ನಾನೇ ಹಾಕ್ಕೊಳ್ಳೋ ಹಾಗಿಲ್ಲವಲ್ಲ" ಅಂತಾರೆ.

ಆ ಕಂಬಿ ಅಂದಕ್ಕೆ ಹಾಕಿದ್ದಲ್ಲ. 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹಿಂದೆ ಕೂರುವವರಿಗೆ ಹಿಡಿಯೋಕೆ ಹಿಡಿ ಇರಬೇಕು. ಕಾಲಿಡೋಕೆ ಮೆಟ್ಟಿಲು ಇರಬೇಕು. ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು. ನಿಮ್ಮ ಮಗ, ನಿಮ್ಮ ಯಜಮಾನರು ಅದನ್ನ ಬಿಚ್ಚಿಸಿದ್ದರೆ ವಾಪಸ್ ಹಾಕಿಸಿ. ಹಾಕಿಸೋ ತನಕ ಹತ್ತಬೇಡಿ. ಜಗಳ ಆದರೆ ಆಗಲಿ.

ಹತ್ತುವ ಮೊದಲು ಸೆರಗನ್ನ ಸುತ್ತಿ ಸೊಂಟಕ್ಕೆ ಸಿಕ್ಕಿಸಿ. ಚೂಡಿದಾರದ ವೇಲು ಇದ್ದರೆ ಎರಡು ತುದಿಯನ್ನೂ ಹಿಂದೆ ಗಂಟು ಹಾಕಿ. ವೇಲು ಕುತ್ತಿಗೆಯಲ್ಲಿ ಇರುತ್ತೆ, ಅದು ಚಕ್ರಕ್ಕೆ ಸಿಕ್ಕಿದರೆ ಸೀರೆಗಿಂತ ಕೇಡು. ಕಾಲು ಮೆಟ್ಟಿಲ ಮೇಲೆ, ಕೈ ಹಿಡಿಯ ಮೇಲೆ. ಕೊಡೆ ಮಡಚಿ ಚೀಲದಲ್ಲಿಡಿ. ಒಂದು ಕಡೆ ಕೂತವರು ಹಂಪ್ ಬಂದಾಗ ಹಿಂದಕ್ಕೆ ಬೀಳ್ತಾರೆ. ತಲೆಯೇ ಮೊದಲು ನೆಲಕ್ಕೆ ತಾಗೋದು. ಎರಡೂ ಕಡೆ ಕಾಲು ಹಾಕಿ ಕೂರೋದು ಎಲ್ಲಕ್ಕಿಂತ ಒಳ್ಳೇದು. ಅತ್ತೆಯವರು ಏನಂತಾರೋ ಅಂತ ಹೆದರಬೇಡಿ. ನಮ್ಮತ್ತೆ ಈಗ ಹಾಗೇ ಕೂರ್ತಾರೆ, ಅವರಿಗೆ 68 ವರ್ಷ.

ಇನ್ನು ಹೆಲ್ಮೆಟ್ಟು. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಪೊಲೀಸರು ಹಿಡೀತಾರೆ ಅಂತ ಹಾಕೋದಲ್ಲ. ತೆಂಗಿನಕಾಯಿ ಕಲ್ಲಿಗೆ ಬಿದ್ದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಹೆಲ್ಮೆಟ್ಟಿನ ಒಳಗೆ ಬಿಳಿ ಥರ್ಮಾಕೋಲಿನ ಹಾಗೆ ಒಂದು ಪದರ ಇರುತ್ತೆ. ಬಿದ್ದಾಗ ಪೆಟ್ಟನ್ನ ತಾನು ತಿಂದು ಅದು ಜಜ್ಜಿ ಹೋಗುತ್ತೆ. ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟನ್ನ ಮತ್ತೆ ಹಾಕಬಾರದು. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಈಗ ನಮಗೆ ಓದೋಕೆ ಬರುತ್ತಲ್ಲ, ಅಂಗಡಿಯವರು ಹೇಳಿದ್ದನ್ನೇ ಯಾಕೆ ನಂಬಬೇಕು? ಎತ್ತರಕ್ಕೆ ತುರುಬು ಕಟ್ಟಿದರೆ ಹೆಲ್ಮೆಟ್ ತಲೆಗೆ ಕೂರಲ್ಲ. ಜಡೆಯನ್ನ ಕೆಳಗೆ ಬಿಡಿ. ಹೂವನ್ನ ಇಳಿದ ಮೇಲೆ ಮುಡಿಯಿರಿ. ಗಲ್ಲದ ಪಟ್ಟಿ ಹಾಕಲೇಬೇಕು. ಪಟ್ಟಿ ಹಾಕದ ಹೆಲ್ಮೆಟ್ಟು ನಾವು ಬೀಳುವ ಮೊದಲೇ ತಾನು ಹಾರಿ ಹೋಗುತ್ತೆ.

ಈಗ ಓಡಿಸೋ ಮಾತು. ಗೇರಿಲ್ಲದ ಸ್ಕೂಟರಿನ ಅ ಆ ಇ ಈ ಹೇಳ್ತೀನಿ.

ಎರಡು ಕೈಗೂ ಒಂದೊಂದು ಬ್ರೇಕು. ಎಡಗೈಯದು ಹಿಂದಿನ ಚಕ್ರಕ್ಕೆ, ಬಲಗೈಯದು ಮುಂದಿನ ಚಕ್ರಕ್ಕೆ. ಈಗಿನ ಕೆಲವು ಗಾಡಿಗಳಲ್ಲಿ ಎಡಗೈ ಬ್ರೇಕು ಹಿಡಿದರೆ ಎರಡೂ ಚಕ್ರ ಹಿಡಿಯುತ್ತೆ. ಬಲಗೈ ಹಿಡಿಯನ್ನ ನಮ್ಮ ಕಡೆ ತಿರುಗಿಸಿದರೆ ಗಾಡಿ ಓಡುತ್ತೆ. ಅದೇ ಎಕ್ಸಲೇಟರ್. ಬಿಟ್ಟರೆ ತಾನೇ ಹಿಂದಕ್ಕೆ ಹೋಗುತ್ತೆ. ಎಡಗೈ ಹೆಬ್ಬೆರಳ ಹತ್ರ ಹಾರನ್ನು, ಇಂಡಿಕೇಟರ್ ಇರುತ್ತೆ. ಎಡಕ್ಕೆ ತಳ್ಳಿದರೆ ಎಡಗಡೆ ದೀಪ ಮಿನುಗುತ್ತೆ, ಬಲಕ್ಕೆ ತಳ್ಳಿದರೆ ಬಲಗಡೆ. ತಿರುಗಿದ ಮೇಲೆ ಅದನ್ನ ಆರಿಸಬೇಕು. ನಾನು ಮೊದಮೊದಲು ಬಲಗಡೆ ದೀಪ ಮಿನುಗಿಸಿಕೊಂಡೇ ಪೇಟೆ ತನಕ ಹೋಗಿದ್ದೀನಿ. ಹಿಂದೆ ಬರೋರು ಬಾಯಿಗೆ ಬಂದ ಹಾಗೆ ಬೈದರು. ಅವರದ್ದೇ ಸರಿ.

ಸ್ಟಾರ್ಟ್ ಮಾಡುವಾಗ ಮೊದಲು ಎಡಗೈ ಬ್ರೇಕು ಹಿಡಿಯಿರಿ. ಆಮೇಲೆ ಸ್ಟಾರ್ಟರ್ ಗುಂಡಿ ಒತ್ತಿ. ಎಕ್ಸಲೇಟರ್ ಮುಟ್ಟಬೇಡಿ. ಹೊರಡುವ ಮೊದಲು ಸೈಡ್ ಸ್ಟ್ಯಾಂಡ್ ಮೇಲಕ್ಕೆ ಎತ್ತಿದ್ದೀರಾ ನೋಡಿ. ಅದು ಕೆಳಗೇ ಇದ್ದರೆ ಎಡಕ್ಕೆ ತಿರುಗುವಾಗ ನೆಲಕ್ಕೆ ತಾಗಿ ಗಾಡಿಯನ್ನ ಎತ್ತಿ ಹಾಕುತ್ತೆ.

ಇನ್ನೊಂದು ಅಪಾಯ ಯಾರೂ ಹೇಳಿಕೊಡಲ್ಲ. ಹೊಸಬರು ಕೆಳಗಿಳಿದು ಗಾಡಿ ತಳ್ಳುವಾಗ ಇಂಜಿನ್ ಆರಿಸಿರಲ್ಲ. ಬಲಗೈ ಹಿಡಿ ಬಿಗಿ ಹಿಡಿದಿರ್ತಾರೆ. ಗಾಡಿ ಮುಂದೆ ಹೋದರೆ ಕೈ ಜಗ್ಗುತ್ತೆ, ಕೈ ಜಗ್ಗಿದರೆ ಎಕ್ಸಲೇಟರ್ ಇನ್ನೂ ತಿರುಗುತ್ತೆ. ಗಾಡಿ ಹಗ್ಗ ಹರಿದ ಕರುವಿನ ಹಾಗೆ ಓಡುತ್ತೆ. ತಳ್ಳೋದಾದರೆ ಕೀಲಿ ಆರಿಸಿ ತಳ್ಳಿ. ಚಿಕ್ಕ ಮಗುವನ್ನ ಮುಂದೆ ನಿಲ್ಲಿಸಿಕೊಂಡು ಅಂಗಡಿ ಮುಂದೆ ಮಾತಾಡ್ತಾ ನಿಲ್ತೀವಲ್ಲ, ಆಗಲೂ ಹೀಗೇ. ಮಗು ಆಟಕ್ಕೆ ಹಿಡಿ ತಿರುವುತ್ತೆ. ನಿಂತ ಕೂಡಲೇ ಕೀಲಿ ಆರಿಸಿ ಕೈಗೆ ತೆಗೆದುಕೊಳ್ಳಿ. ಈ ಒಂದು ಮಾತನ್ನ ಮರೆತರೆ ನಾನು ಹೇಳಿದ ಬೇರೆಲ್ಲಾ ದಂಡ.

ಬ್ರೇಕು ಎರಡನ್ನೂ ಒಟ್ಟಿಗೆ, ಮೆತ್ತಗೆ ಹಿಡಿಯಿರಿ. ಮುಂದಿನ ಬ್ರೇಕಿಗೇ ಬಲ ಹೆಚ್ಚು. ಆದರೆ ಮರಳು, ಕೆಸರು, ಒಣಗಲು ಹರಡಿದ ರಾಗಿ ತೆನೆ ಮೇಲೆ ಅದನ್ನ ಗಕ್ಕನೆ ಹಿಡಿದರೆ ಚಕ್ರ ಜಾರುತ್ತೆ. ಅಂಥ ಕಡೆ ಮೊದಲೇ ನಿಧಾನ ಆಗಿಬಿಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 36 ಅಡಿ ಹೋಗುತ್ತೆ. ಅಂದರೆ 24 ಮೊಳ ಹೂವಿನ ಉದ್ದ. ನಾಯಿ ಅಡ್ಡ ಬಂತು ಅಂತ ಕಣ್ಣು ಕಂಡು, ಕೈ ಬ್ರೇಕು ಹಿಡಿಯೋ ಹೊತ್ತಿಗೇ ಅಷ್ಟು ದೂರ ಹೋಗಿರ್ತೀವಿ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲೋದಕ್ಕೆ ಬೇಕಾದ ದೂರ ನಾಲ್ಕು ಪಟ್ಟಾಗುತ್ತೆ.

ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಮಂಡ್ಯದ ಕಡೆ ರಾತ್ರಿ ರಸ್ತೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಟ್ರಾಕ್ಟರಿನ ಟ್ರೈಲರ್ ಹಿಂದೆ ದೀಪ ಇರಲ್ಲ, ಕೆಂಪು ಪಟ್ಟಿಯೂ ಇರಲ್ಲ. ಕಬ್ಬು ಮಾರು ದೂರ ಹೊರಗೆ ಚಾಚಿರುತ್ತೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ಮುಂದೆ ನಿಂತ ಟ್ರೈಲರ್ ಕಾಣೋದೇ ಇಲ್ಲ. ಕಣ್ಣು ಕತ್ತಲಾದರೆ ವೇಗ ಇಳಿಸಿ. ನೀವೂ ಎದುರು ಗಾಡಿ ಬಂದಾಗ ಡಿಮ್ ಮಾಡಿ. ಕೈಲಾದರೆ ಕತ್ತಲಾಗುವ ಮೊದಲೇ ಮನೆ ಸೇರಿ. ಟ್ರೈಲರ್ ಇಟ್ಟವರು ಈ ಸಭೆಯಲ್ಲೇ ಇದ್ದೀರಿ. ಹಿಂದೆ ಕೆಂಪು ಪಟ್ಟಿ ಅಂಟಿಸೋದಕ್ಕೆ ಎಷ್ಟು ಖರ್ಚು ಬರುತ್ತೆ, ಹೇಳಿ?

ಲೈಸೆನ್ಸ್ ಇಲ್ಲದೆ ರಸ್ತೆಗೆ ಹೋಗಬೇಡಿ. "ನಾನು ಸ್ಕೂಲು ಮೆಟ್ಟಿಲು ಹತ್ತಿಲ್ಲ, ನನಗೆ ಯಾರು ಕೊಡ್ತಾರೆ?" ಅಂತ ಒಬ್ಬರು ಕೇಳಿದರು. ಕೊಡ್ತಾರೆ. ಸ್ಕೂಟರ್ ಲೈಸೆನ್ಸಿಗೆ ಇಷ್ಟೇ ಕ್ಲಾಸು ಓದಿರಬೇಕು ಅಂತ ಇಲ್ಲ. 18 ವರ್ಷ ತುಂಬಿರಬೇಕು. ಮೊದಲು ಎಲ್‌ಎಲ್ಆರ್ ಮಾಡಿಸಬೇಕು. ಅದರ ಪರೀಕ್ಷೆಯಲ್ಲಿ ರಸ್ತೆ ಚಿಹ್ನೆ ಕೇಳ್ತಾರೆ, ಕನ್ನಡದಲ್ಲೇ ಉತ್ತರ ಕೊಡಬಹುದು. ಅದು 6 ತಿಂಗಳು ನಡೆಯುತ್ತೆ. 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸಿದರೆ ಲೈಸೆನ್ಸು. ಅಲ್ಲಿ ತನಕ ಗಾಡಿಗೆ ಕೆಂಪು ಬಣ್ಣದ ಎಲ್ ಅಕ್ಷರದ ಬೋರ್ಡ್ ಇರಬೇಕು. ಲೈಸೆನ್ಸ್ ಇಲ್ಲದವರು ಯಾರಿಗಾದರೂ ಗುದ್ದಿದರೆ, ಪರಿಹಾರ ಕೊಟ್ಟ ವಿಮೆ ಕಂಪನಿ ಆ ಹಣವನ್ನ ಗಾಡಿ ಯಜಮಾನರಿಂದ ವಸೂಲಿ ಮಾಡಬಹುದು. ಹಸು ಮಾರಿ ಕಟ್ಟಬೇಕಾಗುತ್ತೆ.

ತಾಯಂದಿರಿಗೆ ಒಂದು ಮಾತು. ಹೈಸ್ಕೂಲು ಹುಡುಗ ಗಾಡಿ ಓಡಿಸ್ತಾನೆ ಅಂತ ಹೆಮ್ಮೆ ಪಡೋರು ಇದ್ದೀರಿ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹುಡುಗನ ಕೈಗೆ ಗಾಡಿ ಕೊಟ್ಟು ಅಪಘಾತ ಆದರೆ ಅಪ್ಪ ಅಮ್ಮನಿಗೆ, ಗಾಡಿ ಯಜಮಾನರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ದಂಡ ಹೇಗೋ ಕಟ್ಟಬಹುದು. ಹುಡುಗನಿಗೆ ಏನಾದರೂ ಆದರೆ ಯಾರಿಗೆ ಕಟ್ಟೋಣ?

ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸ್ ಕೇಸು ಅಂತ ಹೆದರಿ ಮುಂದೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರನ್ನ ಹೆಸರು, ವಿಳಾಸ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಅದೂ ಈಗ ಕಾನೂನು. ಚಿಕ್ಕಮ್ಮನನ್ನ ಆಸ್ಪತ್ರೆಗೆ ಸೇರಿಸಿದವರು ಯಾರೋ ಗುರುತಿಲ್ಲದ ಸೊಪ್ಪಿನ ಗಾಡಿಯವರು. ಅವರ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

ಮಾತು ಸಾಕು. ಗಾಡಿ ಆಚೆ ಬೇವಿನ ಮರದ ಕೆಳಗೆ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೀನಿ. ಹೆಸರು ಕೊಟ್ಟ ಆರು ಮಂದಿ ಸೆರಗು ಸಿಕ್ಕಿಸಿಕೊಂಡು ಬನ್ನಿ. ಇವತ್ತು ಸುಮ್ಮನೆ ಮೇಲೆ ಕೂತು ಬ್ರೇಕು ಹಿಡಿದು, ಇಂಡಿಕೇಟರ್ ಮುಟ್ಟಿ ನೋಡಿ. ಕೀಲಿ ನನ್ನ ಹತ್ರಾನೇ ಇರುತ್ತೆ.